ಜೇಕಿನ ಔಷಧ

ಮಕ್ಕಳೇ, ಅಜ್ಜಿ ಮಾತಾಡುವುದಿಲ್ಲ ಎಂಬ ದೂರು ನಿಮಗೆ ಮೊದಲಿನಿಂದಲೂ ಇದೆ. ಈ ಮನೆಯಲ್ಲಿ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಕೇಳುವವರು ಒಬ್ಬರಾದರೂ ಬೇಕಲ್ಲ ಎಂದು ನಾನು ಆ ಕೆಲಸ ಹಿಡಿದೆ. ಬರೆಯುವುದಕ್ಕೆ ಮಾತ್ರ ನನಗೆ ನಾಚಿಕೆಯಿಲ್ಲ. ಕಾಗದ ನನ್ನ ಮುಖ ನೋಡುವುದಿಲ್ಲ, ನಡುವೆ ಬಾಯಿ ಹಾಕುವುದೂ ಇಲ್ಲ. ಊರ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರಗಳು ಇವು. ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ, ನನಗೆ ಹೇಳಲು ಬರಬೇಡಿ.

ನಿಮ್ಮಲ್ಲಿ ಎಲ್ಲರಿಗಿಂತ ದೊಡ್ಡವಳು ನೀನು. ನೀನು ಹುಟ್ಟಿದ ಹೊಸದರಲ್ಲಿ ನಡೆದ ಒಂದು ಸಂಗತಿಯನ್ನು ಈ ಮನೆಯವರು ಐದಾರು ಬಗೆಯಾಗಿ ಹೇಳುತ್ತಾರೆ. ಯಾರು ಹೇಳಿದರೂ ಹೇಳುವವರೇ ಅದರಲ್ಲಿ ಜಾಣರು, ತಪ್ಪು ಮಾಡಿದವಳು ನಾನೊಬ್ಬಳೇ. ತಪ್ಪು ನನ್ನದೇ ಎಂಬುದು ನಿಜ. ಆದರೆ ಮಾಡಿದವಳ ಬಾಯಿಂದಲೇ ಒಮ್ಮೆ ಕೇಳಿದರೆ ಒಳ್ಳೆಯದು ಎಂದು ಬರೆಯುತ್ತಿದ್ದೇನೆ.

ಜೇಕು ನಿಮಗೆಲ್ಲ ಗೊತ್ತು. ಬಾವಿಯ ಹತ್ತಿರ, ಕಾಲುವೆಯ ಬದಿಗೆ, ಕಬ್ಬಿನ ಸಾಲಿನಲ್ಲಿ, ಅಂಗಳದ ಫರಸಿಕಲ್ಲಿನ ಸಂದಿನಲ್ಲಿ ಕರೆಯದೆ ಬಂದು, ಹೋಗೆಂದರೆ ಹೋಗದ ಕಸ. ಹುಲ್ಲಿನಂತೆ ಕಾಣುತ್ತದೆ, ಹುಲ್ಲಲ್ಲ. ದಂಟನ್ನು ಬೆರಳುಗಳ ನಡುವೆ ಉರುಳಿಸಿ ನೋಡಿ, ಮೂರು ಮೂಲೆ ಸಿಗುತ್ತವೆ. ಹಿಡಿದು ಎಳೆದರೆ ದಂಟು ಕೈಗೆ ಬರುತ್ತದೆ, ಗಡ್ಡೆ ನೆಲದಲ್ಲೇ ಕುಳಿತು ನಗುತ್ತದೆ. ಅಗೆದು ಒಂದು ಗಡ್ಡೆ ತೆಗೆದರೆ ಅದರ ಬಾಲಕ್ಕೆ ಇನ್ನೊಂದು, ಆ ಇನ್ನೊಂದರ ಬಾಲಕ್ಕೆ ಮತ್ತೊಂದು, ಕನ್ಯಾ ನೋಡಲು ಬಂದ ಬೀಗರ ಸಾಲಿನ ಹಾಗೆ. ಶೇಂಗಾಬೀಜದಷ್ಟು ದಪ್ಪ, ಕರಿ ಬಣ್ಣ, ಮೈತುಂಬ ಕೂದಲು. ನೋಡಲು ಚೆಂದವಿಲ್ಲ. ಒಡೆದರೆ ಮಾತ್ರ ಒಳಗಿನಿಂದ ಕರ್ಪೂರಕ್ಕೂ ಮೊದಲ ಮಳೆಯ ಮಣ್ಣಿಗೂ ನಡುವಿನ ಒಂದು ವಾಸನೆ ಏಳುತ್ತದೆ.

ನನ್ನ ಅತ್ತೆಗೆ ಎರಡೇ ಔಷಧ ಗೊತ್ತಿದ್ದವು. ಒಂದು ಜೇಕಿನ ಗಡ್ಡೆ, ಇನ್ನೊಂದು ಬೈಗುಳ. ಎರಡನ್ನೂ ಒಟ್ಟಿಗೇ ಕೊಡುತ್ತಿದ್ದರು. ಹೀಗಾಗಿ ಯಾವುದರಿಂದ ಗುಣವಾಯಿತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಜ್ವರ ಬಂದರೆ ಗಡ್ಡೆಯನ್ನು ಒಣಶುಂಠಿಯ ಜೊತೆ ಕುದಿಸಿದ ನೀರು. ಹೊಟ್ಟೆ ಕೆಟ್ಟರೆ ಮಜ್ಜಿಗೆಯಲ್ಲಿ ಗಡ್ಡೆ ತೇಯ್ದು ಕುಡಿಸುವುದು. ಬೇಸಿಗೆಯಲ್ಲಿ ಬೆವರುಸಾಲೆ ಎದ್ದರೆ, ಕಂಕುಳಲ್ಲಿ ವಾಸನೆ ಬಂದರೆ ಗಡ್ಡೆಯ ಪುಡಿ ಹಚ್ಚಿ ಸ್ನಾನ. ಸೀಗೆಪುಡಿಯಲ್ಲಿ ಜೇಕು, ಕೂಸಿನ ಹಿಟ್ಟಿನಲ್ಲಿ ಜೇಕು, ಟ್ರಂಕಿನಲ್ಲಿ ರೇಶಿಮೆ ಸೀರೆಯ ಮಡಿಕೆಯಲ್ಲಿ ಜೇಕು. ಒಮ್ಮೆ ನನಗೆ ಚೇಳು ಕಡಿದಾಗ ಗಡ್ಡೆ ಅರೆದು ಕಾಲಿಗೆ ಮೆತ್ತಿದರು. ನೋವು ಒಂದು ಹಗಲು ಒಂದು ರಾತ್ರಿ ಇತ್ತು. ಜೇಕು ಇರದಿದ್ದರೆ ಎರಡು ರಾತ್ರಿ ಇರುತ್ತಿತ್ತು ಎಂದು ಅತ್ತೆ ಹೇಳಿದರು. ಎರಡನೆಯ ರಾತ್ರಿಯನ್ನು ನೋಡಿದವರು ಯಾರೂ ಇರಲಿಲ್ಲವಾದ್ದರಿಂದ ಒಪ್ಪಿಕೊಂಡೆ.

ಎಲ್ಲಕ್ಕಿಂತ ದೊಡ್ಡ ಮದ್ದು ಬಾಣಂತಿಯದು. ಹಾಲು ಸಾಲದ ತಾಯಿಗೆ ಹಸಿ ಗಡ್ಡೆ ತೊಳೆದು, ಕಲ್ಲಿನ ಮೇಲೆ ತೇಯ್ದು ಎದೆಗೆ ಹಚ್ಚುವುದು. ಒಣಗಿದ ಮೇಲೆ ತೊಳೆದು ಕೂಸಿಗೆ ಕುಡಿಸುವುದು. ಅಕ್ಕಿಯ ಗಂಜಿಯಲ್ಲಿ ಒಂದೆರಡು ಗಡ್ಡೆ ಹಾಕಿ ಕುದಿಸಿ ಅದನ್ನೂ ಕೊಡುವುದು. ನಿನ್ನ ತಾಯಿ ಹುಟ್ಟಿದಾಗ ನನಗೂ ಹಾಗೆಯೇ ಮಾಡಿದರು. ಜೊತೆಗೆ ಎರಡನೆಯ ಔಷಧವನ್ನೂ ಧಾರಾಳವಾಗಿ ಕೊಟ್ಟರು.

ಇತ್ತ ಅದೇ ಅತ್ತೆಯ ಮಗ, ಅಂದರೆ ನಿಮ್ಮ ಅಜ್ಜ, ಹೊಲದಲ್ಲಿ ಜೇಕನ್ನು ಕೊಲ್ಲುವುದರಲ್ಲಿಯೇ ಜೀವ ಸವೆಸಿದರು. ತಾಯಿ ಹಿತ್ತಲಲ್ಲಿ ಅದನ್ನು ಔಷಧವೆಂದು ಒಣಹಾಕುತ್ತಿದ್ದರೆ, ಮಗ ಹೊಲದಲ್ಲಿ ಅದಕ್ಕೆ ಔಷಧ ಹೊಡೆಯುತ್ತಿದ್ದರು. ನಮ್ಮ ಕಡೆ ಹೊಲಕ್ಕೆ ಹೊಡೆಯುವ ವಿಷಕ್ಕೆ ವಿಷ ಎನ್ನುವುದಿಲ್ಲ, ನಾವು ಮರ್ಯಾದಸ್ತರು. ಹುಳಕ್ಕೆ ಹೊಡೆದರೆ ಹುಳದ ಔಷಧ, ಜೇಕಿಗೆ ಹೊಡೆದರೆ ಜೇಕಿನ ಔಷಧ. ಅದರಿಂದ ಹುಳದ ಆರೋಗ್ಯ ಎಷ್ಟು ಸುಧಾರಿಸಿತೋ ದೇವರೇ ಬಲ್ಲ. ಹೀಗೆ ಒಂದೇ ಮನೆಯಲ್ಲಿ ಜೇಕಿನ ಔಷಧ ಎರಡಾದವು. ಅಡಿಗೆಮನೆಯಲ್ಲಿ ಅದು ಜೇಕಿನಿಂದ ಮಾಡಿದ್ದು, ಕಟ್ಟೆಯ ಮೇಲೆ ಅದು ಜೇಕನ್ನು ಸಾಯಿಸುವುದು. ಹೆಂಗಸರ ಮಾತು ಒಳಗೆ, ಗಂಡಸರ ಮಾತು ಹೊರಗೆ ಇದ್ದದ್ದರಿಂದ ಎಷ್ಟೋ ವರ್ಷ ಯಾರಿಗೂ ತೊಂದರೆಯಾಗಲಿಲ್ಲ.

ಹೊಲದ ಔಷಧದ ಡಬ್ಬಿಯೊಳಗೆ ಮಡಚಿಟ್ಟ ಒಂದು ಚೀಟಿ ಇರುತ್ತದೆ. ಹತ್ತು ಭಾಷೆ, ಇರುವೆಯ ಕಾಲಿನಷ್ಟು ಅಕ್ಷರ. ನಿಮ್ಮ ಅಜ್ಜನ ಚಾಳೀಸು ಯಾವಾಗಲೂ ಇನ್ನೊಂದು ಅಂಗಿಯ ಕಿಸೆಯಲ್ಲಿರುತ್ತಿದ್ದುದರಿಂದ ಅದನ್ನು ಓದುವುದು ನನ್ನ ಪಾಲಿಗೆ ಬಂದಿತ್ತು. ನಾನು ಬಾಗಿಲ ಹಿಂದೆ ನಿಂತು ಓದುತ್ತಿದ್ದೆ, ಅವರು ಕಟ್ಟೆಯ ಮೇಲೆ ಕುಳಿತು, ತಮಗೆ ಮೊದಲೇ ಗೊತ್ತಿದ್ದಂತೆ ತಲೆಯಾಡಿಸುತ್ತಿದ್ದರು. ಅವರು ಹೋದ ಮೇಲೆ ನನ್ನ ಮಗ ಹೊಲ ಹಿಡಿದ. ಅವನು ಚೀಟಿ ಓದಿಸುವುದಿಲ್ಲ, ಮೊಬೈಲಿನಲ್ಲಿ ನೋಡುತ್ತಾನೆ. ಆದರೂ ಔಷಧದ ಚೀಟಿ ಕಂಡರೆ ಬಿಚ್ಚಿ ಓದುವ ಚಟ ನನಗೆ ಉಳಿದುಬಿಟ್ಟಿತು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ.

ಚೊಚ್ಚಲ ಬಾಣಂತನ ತವರಿನಲ್ಲಿ ಎಂದು ನಿನ್ನ ತಾಯಿ ಪಾಲಬಾವಿಯ ಹತ್ತಿರದ ಈ ನಮ್ಮ ಊರಿಗೆ ಬಂದಿದ್ದಳು. ನೀನು ಹುಟ್ಟಿ ಹತ್ತು ದಿನ ಕಳೆಯುವಷ್ಟರಲ್ಲಿ ಗೊತ್ತಾಯಿತು, ಹಾಲು ಸಾಲದು. ನೀನು ಅಳುತ್ತಿದ್ದೆ. ನಿನ್ನ ತಾಯಿ ನಿನ್ನನ್ನು ನೋಡಿ ಅಳುತ್ತಿದ್ದಳು. ತೂಕದ ಜೋಳಿಗೆ ಹಿಡಿದು ಮನೆಮನೆಗೆ ಬರುವ ನರ್ಸಬಾಯಿ ನಿನ್ನನ್ನು ತೂಗಿ, ಮುಳ್ಳು ನೋಡಿ, ತುಟಿ ಬಿಗಿದಳು.

“ಹುಟ್ಟಿದಾಗ ಎಷ್ಟಿತ್ತೋ ಅಷ್ಟನೂ ಇಲ್ಲರಿ ಈಗ. ಬರೂ ವಾರ ಮತ್ತ ಬರತೀನಿ. ಏರಲಿಲ್ಲಂದ್ರ ದವಾಖಾನಿಗಿ ಒಯ್ಯೂದ ನೋಡ್ರಿ” ಎಂದು ಹೋದಳು.

ಅಂದಿನಿಂದ ಆ ಮುಳ್ಳು ನಮ್ಮೆಲ್ಲರ ಎದೆಯಲ್ಲಿ ಇತ್ತು. ಒಂದು ವಾರ. ಅಷ್ಟರಲ್ಲಿ ನಿನ್ನ ಹೊಟ್ಟೆ ತುಂಬಬೇಕು.

ಮರುದಿನವೇ ಸದಲಗಾದಿಂದ ನಿನ್ನ ತಂದೆಯ ತಾಯಿ, ನನ್ನ ಬೀಗತಿ, ತುಪ್ಪದ ಡಬ್ಬಿ ಹಿಡಿದು ಬಂದಿಳಿದರು. ಅವರು ಈಗಲೂ ಗಟ್ಟಿಯಾಗಿದ್ದಾರೆ. ಆದ್ದರಿಂದ ಇದನ್ನು ಅವರಿಗೆ ಓದಿ ಹೇಳುವ ಜಾಣತನ ಯಾರೂ ಮಾಡಬೇಡಿ. ಅವರ ಮನೆಯಲ್ಲಿ ಆರು ಎಮ್ಮೆ. ಹಾಲಿನ ವಿಷಯದಲ್ಲಿ ಅವರಿಗೆ ತಿಳಿಯದ್ದು ಜಗತ್ತಿನಲ್ಲಿಲ್ಲ.

“ನಮ್ಮ ಎಮ್ಮಿ ಹಾಲ ಕಮ್ಮಿ ಮಾಡಿತಂದ್ರ ಸರಕಿ ಹಿಂಡಿ ಹಾಕತೀವ್ರಿ. ಮೂರ ದಿನದಾಗ ಬಕೀಟ ತುಂಬತೈತಿ” ಎಂದರು.

ನಿನ್ನ ತಾಯಿ ಮಲಗಿದಲ್ಲಿಂದಲೇ ಅಂದಳು: “ನನಗೂ ಒಂದ ಚೀಲಾ ತರಸ್ರಿ ಅತ್ತಿ. ಕಣ್ಣಿ ಹಗ್ಗಾನೂ ತರಸ್ರಿ.”

ಅವಳು ನನ್ನ ಹಾಗಲ್ಲ. ಅವಳ ನಾಲಿಗೆ ನನ್ನ ಅತ್ತೆಯದು.

ನಾನು ಧೈರ್ಯ ಮಾಡಿ, ಸೌಟು ನೋಡುತ್ತ, ಜೇಕಿನ ಗಡ್ಡೆಯ ಮಾತು ತೆಗೆದೆ. ಬೀಗತಿ ನನ್ನನ್ನು ನೋಡಿದ ನೋಟದಲ್ಲಿ ನಾನು ಅರ್ಧ ಕರಗಿದೆ.

“ಜೇಕಾ? ಅಗಬಾಯಿ! ಹಂದಿ ಕೆದರಿ ತಿನ್ನೂ ಕಸಾ ಅದು. ಅದನ್ನ ನನ್ನ ಸೊಸಿಗಿ ಕೊಡ್ತೀರಿ? ನಮ್ಮ ಕಡೆ ನಾಗರಮೋಥಾ ಅಂತ ಇರತೈತ್ರಿ. ಕೊಲ್ಲಾಪುರದ ಪೇಟ್ಯಾಗ ಸಿಗತೈತಿ. ಅದು ಖರೇ ಔಷಧ. ನಾ ಬರೂ ಮುಂದ ತಂದೇನಿ ಬಿಡ್ರಿ.”

ಚೀಲದಿಂದ ಒಂದು ಪುಡಿಕೆ ತೆಗೆದು ಬಿಚ್ಚಿದರು. ಒಳಗೆ ಕರಿಯ, ಒಣಗಿದ, ಕೂದಲು ಸುಟ್ಟು ನುಣ್ಣಗೆ ಮಾಡಿದ ಗಡ್ಡೆಗಳು. ನಾನು ಒಂದನ್ನು ಮೂಸಿದೆ. ನನ್ನ ಅತ್ತೆ ಎದ್ದು ಬಂದು ಪಕ್ಕದಲ್ಲಿ ನಿಂತಂತಾಯಿತು. ಜೇಕೇ! ನಮ್ಮ ಹಿತ್ತಲಿನ ಜೇಕು ಕೊಲ್ಲಾಪುರಕ್ಕೆ ಹೋಗಿ, ಹೆಸರು ಬದಲಾಯಿಸಿಕೊಂಡು, ಮೈ ತಿಕ್ಕಿಕೊಂಡು, ಮರಾಠಿ ಕಲಿತು ತಿರುಗಿ ಬಂದಿತ್ತು.

ಹೇಳಬಹುದಿತ್ತು. ಹೇಳಲಿಲ್ಲ. ಬೀಗತಿಯ ಮಾತನ್ನು ಅವರ ಎದುರಿಗೇ ಸುಳ್ಳು ಮಾಡುವುದು ಹೇಗೆ? “ಚಲೋ ಐತ್ರಿ” ಎಂದೆ, ಕುಟ್ಟಿ ಗಂಜಿಗೆ ಹಾಕಿದೆ. ಹೆಸರು ಯಾವುದಾದರೇನು, ಮಗಳ ಹೊಟ್ಟೆಗೆ ಹೋಗುವುದು ಅದೇ ತಾನೇ ಎಂದು ಸಮಾಧಾನ ಮಾಡಿಕೊಂಡೆ. ಮೂರು ದಿನ ಕೊಟ್ಟೆವು. ಹಾಲು ತುಸು ಏರಿತು, ಅಥವಾ ಏರಿತೆಂದು ನಮಗೆ ಅನ್ನಿಸಿತು. ನೀನು ಮಾತ್ರ ಅಳುವುದರಲ್ಲಿ ಏನೂ ಕಡಿಮೆ ಮಾಡಲಿಲ್ಲ. ಬೀಗತಿ ನಡುನಡುವೆ ನಿನ್ನ ಬಾಯಿಗೆ ಸಕ್ಕರೆ ನೀರು ಹನಿಸಿ ಸುಮ್ಮನಾಗಿಸುತ್ತಿದ್ದರು.

ನಾಲ್ಕನೆಯ ದಿನ ನಾಗರಮೋಥಾ ಮುಗಿಯಿತು. ಅಂದು ಸಂಜೆ ನಿನ್ನ ತಂದೆ ಚಿಕ್ಕೋಡಿಯ ಕಡೆಯಿಂದ ಬರುವವರಿದ್ದರು. ಬೀಗತಿ ಬಚ್ಚಲಲ್ಲಿ ಕಾಲು ಚಾಚಿ, ಕಾಲ ಮೇಲೆ ನಿನ್ನನ್ನು ಮಲಗಿಸಿ ಎಣ್ಣೆ ತಿಕ್ಕುತ್ತಿದ್ದರು.

“ಬೀಗತಿ, ನನ್ನ ಕೈ ಎಣ್ಣಿ ಆಗೇತಿ. ನನ್ನ ಮಗಾಗ ಒಂದ ಫೋನ್ ಹಚ್ಚ್ರಿ. ನಾಗರಮೋಥಾ ಮುಗದೈತಿ, ಬರೂ ಮುಂದ ತಗೊಂಡ ಬಾ ಅನ್ರಿ.”

ನಮ್ಮ ಕಾಲದವರಿಗೆ ಅಳಿಯನ ಜೊತೆ ಮಾತು ಎಂದರೆ ಏನೆಂದು ನಿಮಗೆ ಗೊತ್ತಿಲ್ಲ. ಮದುವೆಯಾಗಿ ಎರಡು ವರ್ಷವಾಗಿತ್ತು. ನಾನು ನಿನ್ನ ತಂದೆಯ ಜೊತೆ ಆಡಿದ ಮಾತುಗಳನ್ನು ಎರಡು ಕೈಯ ಬೆರಳಿನಲ್ಲಿ ಎಣಿಸಿದರೂ ಬೆರಳು ಉಳಿಯುತ್ತಿದ್ದವು. ಅವರು ಪಡಸಾಲೆಗೆ ಬಂದರೆ ನಾನು ಅಡಿಗೆಮನೆಗೆ, ಅವರು ಅಡಿಗೆಮನೆಗೆ ಊಟಕ್ಕೆ ಬಂದರೆ ನಾನು ಹಿತ್ತಲಿಗೆ. ಫೋನಿನಲ್ಲಿ ಮುಖ ಕಾಣುವುದಿಲ್ಲ, ಆದರೂ ತಲೆಯ ಮೇಲೆ ಸೆರಗು ಎಳೆದುಕೊಂಡು, ಆ ಸೆರಗಿನ ಮೇಲೆಯೇ ಫೋನು ಇಟ್ಟುಕೊಂಡೆ.

“ಹಲೋ... ನಾನ್ರಿ.”

“ಯಾರ್ರಿ?”

“ನಾನ್ರಿ. ಒಳಗಿನಾಕಿ.”

“ಅತ್ತೀಯವರಾ? ಹೇಳ್ರಿ, ಹೇಳ್ರಿ. ಕೂಸ ಆರಾಮ ಐತಿಲ್ಲೋ?”

“ಆರಾಮ ಐತ್ರಿ. ಬರೂ ಮುಂದ ಔಷಧ ತಗೊಂಡ ಬರಬೇಕಂತ್ರಿ.”

“ಯಾವ ಔಷಧರಿ?”

ಆ ಮರಾಠಿ ಹೆಸರು ಅಲ್ಲಿಯವರೆಗೆ ನಾಲಿಗೆಯ ತುದಿಯಲ್ಲಿತ್ತು. ಆಗ ನೋಡಿದರೆ ಇಲ್ಲ. ನಾಗರ... ನಾಗರ... ನಾಗರಹಾವು ನೆನಪಾಯಿತು, ನಾಗರಪಂಚಮಿ ನೆನಪಾಯಿತು. ಬೇಕಾದದ್ದು ಬರಲಿಲ್ಲ.

“ಜೇಕಿನ ಔಷಧರಿ” ಎಂದೆ.

“ಜೇಕಿಂದಾ? ಹಾಂ, ಆತು ಆತು.” ಮುಂದೆ ಅವರು ಏನೋ ಕೇಳಿದರು. ಸೆರಗಿನ ಮೂಲಕ ನನಗೆ ಕೇಳಿಸಿದ್ದು “...ಸಾಕೇನ್ರಿ?” ಎಂಬ ತುದಿ ಮಾತ್ರ.

“ಸಾಕ್ರಿ” ಎಂದು ಫೋನು ಇಟ್ಟೆ.

ಬಾಣಂತಿಗೆ, ಹಾಲಿಗೆ. ಈ ಎರಡು ಮಾತು ಸೇರಿಸಿದ್ದರೆ ಮುಗಿಯುತ್ತಿತ್ತು. ಆದರೆ ಮಗಳ ಎದೆಹಾಲಿನ ಮಾತನ್ನು ಅಳಿಯನ ಕಿವಿಯಲ್ಲಿ ಹೇಳುವುದೆಂದರೆ! ನೀನೇನೋ ನಿಪ್ಪಾಣಿ ಬಸ್ಸಿನಲ್ಲಿ ಒಬ್ಬಳೇ ಬಂದಿಳಿದ ಕೂಸು ಎಂಬಂತೆ, ನಿನ್ನ ತಂದೆಗೆ ಇದೆಲ್ಲ ಹೇಗೆ ಗೊತ್ತಿರಬೇಕು ಎಂಬಷ್ಟು ಮರ್ಯಾದೆಯಿಂದ ನಾನು ನಡೆದುಕೊಂಡೆ.

ನಿನ್ನ ತಂದೆಯ ನೌಕರಿ ನಿನಗೆ ಗೊತ್ತಲ್ಲ. ಸಕ್ಕರೆ ಕಾರ್ಖಾನೆಯ ಕಬ್ಬಿನ ವಿಭಾಗ. ಬೆಳಗಿನಿಂದ ಸಂಜೆಯವರೆಗೆ ರೈತರ ಬದುವಿನ ಮೇಲೆ ನಿಂತು, ಯಾವ ಕಸಕ್ಕೆ ಯಾವ ಔಷಧ ಎಂದು ಹೇಳುವುದೇ ಅವರ ಹೊಟ್ಟೆಪಾಡು. ಅಂಥವರಿಗೆ ಜೇಕಿನ ಔಷಧ ತನ್ನಿ ಎಂದರೆ ಅವರು ಗಿಡಮೂಲಿಕೆಯ ಅಂಗಡಿ ಹುಡುಕುತ್ತಾರೆಯೇ? ಬಾಣಂತನದ ಗದ್ದಲದಲ್ಲೂ ಅತ್ತೆಗೆ ಮಗನ ಕಬ್ಬಿನ ಚಿಂತೆ ಇದೆಯಲ್ಲ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡು, ಗೊಬ್ಬರದ ಅಂಗಡಿಗೆ ಹೋಗಿ, ಹೊಸದಾಗಿ ಬಂದದ್ದನ್ನೇ ಆರಿಸಿ ತಂದರು. ಮನೆಗೆ ಬಂದವರು ಬಾಗಿಲಲ್ಲೇ ತಮ್ಮ ತಾಯಿಯ ಕೈಗೆ ಡಬ್ಬಿ ಕೊಟ್ಟು, “ಅತ್ತೀಯವರ ಹೇಳಿದ ಜೇಕಿನ ಔಷಧ ತಗೋ ಯವ್ವಾ. ಭಾರೀ ಐತಂತ” ಎಂದು ಹೇಳಿ, ನನ್ನ ಮಗನ ಜೊತೆ ಪಡಸಾಲೆಯಲ್ಲಿ ಚಹಾಕ್ಕೆ ಕುಳಿತರು.

ಬೀಗತಿ ಡಬ್ಬಿ ಹಿಡಿದು ಅಡಿಗೆಮನೆಗೆ ಬಂದರು. ಡಬ್ಬಿಯ ಮೇಲೆ ಇಂಗ್ಲೀಷು, ಹಿಂದಿ. ನಡುವೆ ಬಣ್ಣದ ಚಿತ್ರ. ಗಡ್ಡೆ ಸಮೇತ ಜೇಕಿನ ಗಿಡ, ಅದರ ಪಕ್ಕದಲ್ಲಿ ಸೊಂಪಾದ ಕಬ್ಬು.

“ನೋಡ್ರಿ ಬೀಗತಿ, ಕಂಪನಿ ಮಾಲ್ ಅಂದ್ರ ಹಿಂಗಿರತೈತಿ. ಮ್ಯಾಲ ಗಡ್ಡೀ ಚಿತ್ರಾನೂ ಹಾಕ್ಯಾರ. ನಿಮ್ಮ ಜೇಕ ಕಂಡಂಗ ಕಾಣತೈತಿ. ನಾಗರಮೋಥಾಕ್ಕ ಜೇಕ ದೂರದ ಸಂಬಂಧ ಇರಬೇಕ ಬಿಡ್ರಿ.”

“ಹೌದ್ರಿ” ಎಂದೆ.

“ಬಾಜೂಕ ಕಬ್ಬ ಐತಿ. ಸಕ್ರಿ ಕೂಡಿಸಿದಂಗ ಕಾಣತೈತಿ. ಬಾಣಂತಿ ಬಾಯಿಗಿ ರುಚಿ ಹತ್ತಲಿ ಅಂತ.”

ಕಂಪನಿಯವರ ಕರುಣೆಗೆ ಇಬ್ಬರೂ ತಲೆದೂಗಿದೆವು. ನಾನು ಹಾಲು ಬಿಸಿ ಮಾಡಿ ಬಟ್ಟಲಿಗೆ ಸುರಿದೆ. ಬೀಗತಿ ಒಳಗಿನ ಬೆಳ್ಳಿ ಬಣ್ಣದ ಪುಡಿಕೆ ಹರಿದು, ಅರ್ಧ ಪುಡಿಯನ್ನು ಹಾಲಿಗೆ ಹಾಕಿ, ಚಮಚದಿಂದ ತಿರುವಿ, ಪಡಸಾಲೆ ದಾಟಿ ಬಾಣಂತಿಯ ಕೋಣೆಗೆ ನಡೆದರು.

ಖಾಲಿ ರಟ್ಟಿನ ಡಬ್ಬಿಯನ್ನು ಒಲೆಗೆ ಹಾಕಲು ಎತ್ತಿಕೊಂಡೆ. ಒಳಗೆ ಮಡಚಿದ ಚೀಟಿ. ಚಟ ಎಂದೆನಲ್ಲ, ಬಿಚ್ಚಿದೆ. ಬಿಚ್ಚುವಾಗ ಡಬ್ಬಿಯ ಮೂಲೆಯಲ್ಲಿ ಒಂದು ಗುರುತು ಕಂಡಿತು. ಮೂಲೆಯ ಮೇಲೆ ನಿಲ್ಲಿಸಿದ ಚೌಕ, ಅದರ ಕೆಳಗಿನ ಅರ್ಧಕ್ಕೆ ಬಣ್ಣ. ಅದು ಹೊಲದ ಔಷಧದ ಗುರುತು, ಕೆಮ್ಮಿನ ಔಷಧಕ್ಕೆ ಇರುವುದಿಲ್ಲ. ಕನ್ನಡದ ಸಾಲು ಹುಡುಕಿದೆ. ‘ಕಬ್ಬಿನ ಬೆಳೆಯಲ್ಲಿ ಜೇಕು ಕಳೆಯ ನಾಶಕ್ಕೆ’ ಎಂದಿತ್ತು. ಇನ್ನೊಮ್ಮೆ ಓದಿದೆ. ಏಳನೆಯ ಇಯತ್ತೆಯವರ ರೋಗ ಇದು, ಮೊದಲ ಸಲ ಓದಿದ್ದನ್ನು ನಂಬುವುದಿಲ್ಲ. ಎರಡನೆಯ ಸಲವೂ ಅದೇ ಇತ್ತು.

ಕೂಗಬೇಕೆಂದೆ. ದನಿ ಬರಲಿಲ್ಲ. ಇಷ್ಟು ವರ್ಷ ಬಳಸದೆ ಇಟ್ಟ ದನಿ, ಬೇಕಾದಾಗ ಬಾ ಎಂದರೆ ಹೇಗೆ ಬಂದೀತು? ಕಾಲು ಬಂತು. ಪಡಸಾಲೆಯಲ್ಲಿ ಅಳಿಯ ಕುಳಿತಿದ್ದಾರೆ ಎಂಬುದು ನೆನಪಿರಲಿಲ್ಲ. ಸೆರಗು ಎಲ್ಲಿತ್ತೋ, ಅವರ ಚಹಾದ ಬಟ್ಟಲು ನನ್ನ ಕಾಲಿಗೆ ತಗಲಿ ಎತ್ತ ಹೋಯಿತೋ ನೋಡಲಿಲ್ಲ.

ಕೋಣೆಯಲ್ಲಿ ನಿನ್ನ ತಾಯಿ ಬಟ್ಟಲನ್ನು ಬಾಯಿಯ ಹತ್ತಿರ ಹಿಡಿದು ಮುಖ ಕಿವಿಚಿದ್ದಳು.

“ಏನ್ರಿ ಅತ್ತಿ ಇದು? ಹೊಲಸ ವಾಸನಿ ಬರತೈತಿ.”

“ಔಷಧ ಅಂದ ಮ್ಯಾಲ ವಾಸನಿ ಇರೂದ. ಮೂಗ ಹಿಡಕೊಂಡ ಕುಡಿ.”

ನಾನು ಬಟ್ಟಲಿಗೆ ಕೈಬೀಸಿ ಹೊಡೆದೆ. ಹಾಲಷ್ಟೂ ಬೀಗತಿಯ ಇಳಕಲ್ ಸೀರೆಯ ಮೇಲೆ.

“ಅಗಬಾಯಿ! ತಲಿ ಕೆಟ್ಟೈತೇನ್ರಿ ನಿಮಗ?”

ಆಗ ದನಿ ಬಂತು. ಓಣಿಯ ಕೊನೆಯ ಮನೆಯವರು ಎದ್ದು ಬರುವಷ್ಟು ಬಂತು. “ಅದು ಕಸಾ ಸಾಯೂ ಔಷಧರಿ! ಹೊಲಕ್ಕ ಹೊಡಿಯೂದರಿ! ಕುಡದಿಯೇನ ಬೇ? ಬಾಯಿ ತಗಿ. ತುಟಿಗಿ ಹತ್ತೈತೇನ?”

“ಇಲ್ಲಬೇ ಯವ್ವಾ, ಇಲ್ಲ. ಇನ್ನಾ ಕುಡದಿಲ್ಲ. ಗದ್ದಾ ಬಿಡು, ನೋಯಾಕತ್ತೈತಿ.”

ಆದರೂ ಅವಳು ಮೂರು ಸಲ ಬಾಯಿ ಮುಕ್ಕಳಿಸುವಂತೆ ಮಾಡಿದೆ, ಮುಖ ತೊಳೆಸಿದೆ, ಬೀಗತಿಯ ಕೈ ಸಾಬೂನು ಹಚ್ಚಿ ತೊಳೆದೆ. ನನ್ನ ಮಗ ನರ್ಸಬಾಯಿಗೆ ಫೋನು ಮಾಡಿದ. ಇಷ್ಟೆಲ್ಲ ಆಗುವವರೆಗೆ ನಿನ್ನ ತಂದೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಅವರ ಮುಖ ಸುಣ್ಣದ ಗೋಡೆಯಾಗಿತ್ತು.

“ಜೇಕಿನ ಔಷಧ ಅಂದಿದ್ರೆಲ್ಲರಿ ಅತ್ತಿ” ಎಂದರು. “ಎರಡ ಎಕರೆಕ್ಕ ಸಾಕೇನ್ರಿ ಅಂತ ನಾ ಕೇಳಿದೆ. ನೀವ ಸಾಕ್ರಿ ಅಂದ್ರಿ.”

ನಿನ್ನ ತಾಯಿಗೆ ಆ ಹೊತ್ತಿನಲ್ಲೂ ಸುಮ್ಮನಿರಲಾಗಲಿಲ್ಲ. “ಎರಡ ಎಕರೆ? ನಾ ಏನ ಅಷ್ಟ ದಪ್ಪ ಆಗೇನೇನು?”

ಯಾರೂ ನಗಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೈಯಲ್ಲಿ ಆ ಚೀಟಿ ಇತ್ತು. ನೆಲ ನೋಡಿಕೊಂಡೇ ಹೇಳಿದೆ, ಆದರೆ ಪೂರ್ತಿ ಹೇಳಿದೆ.

“ತಪ್ಪ ನಂದ್ರಿ. ನಾ ಕೇಳಿದ್ದು ಹೊಲಕ್ಕಲ್ರಿ, ಎದಿಹಾಲಿಗ್ರಿ. ಕೂಸಿಗಿ ಹಾಲ ಸಾಲವಲ್ದು. ಅದನ್ನ ನಿಮ್ಮ ಮುಂದ ಹೇಳಾಕ ನನಗ ನಾಚಿಕಿ ಬಂತರಿ.”

ಮಾಳಿಗೆ ಕುಸಿಯಲಿಲ್ಲ. ನಿನ್ನ ತಂದೆ ಬಾಗಿಲಿನಿಂದ ಒಳಗೆ ಬಂದು ಹೊರಸಿನ ಅಂಚಿಗೆ ಕುಳಿತರು.

“ನನಗ ಗೊತ್ತೈತೆಲ್ಲರಿ ಅತ್ತಿ” ಎಂದರು. “ದಿನಾ ಫೋನ್‌ನ್ಯಾಗ ಆಕಿ ಅದನ್ನ ಹೇಳಿ ಅಳತಾಳ. ನೀವ ಯಾರೂ ನನ್ನ ಮುಂದ ಆ ಮಾತ ತಗೀಲಿಲ್ಲಂತ ನಾನೂ ಸುಮ್ಮನ ಇದ್ದೆ.”

ನೋಡು, ನಾನು ಯಾರಿಂದ ಮುಚ್ಚಿಟ್ಟೆನೋ ಅವರಿಗೆ ಎಲ್ಲರಿಗಿಂತ ಮೊದಲು ಗೊತ್ತಿತ್ತು. ಒಂದು ಮನೆ ತುಂಬ ಮರ್ಯಾದೆ, ಅದರ ನಡುವೆ ಹಸಿದ ಕೂಸು.

ಬಾಯಿ ತೆರೆದದ್ದಾಗಿತ್ತು. ಇನ್ನೊಂದು ಮಾತೂ ಹೊರಬಿತ್ತು. ಒಳಗೆ ಹೋಗಿ, ನಾಗರಮೋಥಾದ ಪುಡಿಕೆಯಲ್ಲಿ ಮೂಲೆಗೆ ಸಿಕ್ಕು ಉಳಿದಿದ್ದ ಒಂದು ಗಡ್ಡೆ ತಂದೆ. ಅಂಗಳದ ಕಲ್ಲಿನ ಸಂದಿನಿಂದ ಜೇಕು ಅಗೆದು ಅದರ ಗಡ್ಡೆ ತಂದೆ. ಎರಡನ್ನೂ ಒಡೆದು ಬೀಗತಿಯ ಮೂಗಿಗೆ ಹಿಡಿದೆ.

“ದೂರದ ಸಂಬಂಧ ಅಲ್ರಿ ಇದು” ಎಂದೆ. “ಅದ ಮನಿತನರಿ.”

ಬೀಗತಿ ಒಂದನ್ನು ಮೂಸಿದರು, ಇನ್ನೊಂದನ್ನು ಮೂಸಿದರು. ಮತ್ತೆ ಮೊದಲನೆಯದನ್ನು ಮೂಸಿದರು. ಸೀರೆಯಿಂದ ಹಾಲು ಇನ್ನೂ ತೊಟ್ಟಿಕ್ಕುತ್ತಿತ್ತು.

“ಹಸೀ ನಾಗರಮೋಥಾ ಇಲ್ಲೇ ಸಿಗತೈತಂತ ಮೊದಲ ಹೇಳಬಾರದೇನ್ರಿ?” ಎಂದರು. “ಸುಮ್ಮನ ಕೊಲ್ಲಾಪುರ ತನಾ ಅಡ್ಡ್ಯಾಡಿದೆ.”

ಜೇಕು ಎಂಬ ಶಬ್ದ ಅವರ ಬಾಯಿಂದ ಅಂದಿಗೂ ಬರಲಿಲ್ಲ, ಇಂದಿಗೂ ಬಂದಿಲ್ಲ. ನಾವೂ ಒತ್ತಾಯ ಮಾಡಲಿಲ್ಲ.

ಹಸಿ ಗಡ್ಡೆ ತರುವುದೆಂದಾಯಿತು. ಹೊಲದ ಜೇಕಿಗೆ ನನ್ನ ಮಗ ಆ ವಾರವೇ ಒಂದು ಸಲ ಔಷಧ ಹೊಡೆದಿದ್ದ, ಅಲ್ಲಿಯ ಗಡ್ಡೆ ಬೇಡ ಎಂದೆ. ಬಾವಿಯ ದಂಡೆಗೆ ಮಾತ್ರ, ಕುಡಿಯುವ ನೀರೆಂದು, ನಮ್ಮವರು ಏನನ್ನೂ ಹೊಡೆಯುವುದಿಲ್ಲ. ನಿನ್ನ ತಂದೆ ಪ್ಯಾಂಟು ಮಡಚಿ, ಕುರ್ಪಿ ಹಿಡಿದು ಅಲ್ಲಿ ಕುಳಿತರು. ಊರೂರಿನ ರೈತರಿಗೆ ಜೇಕು ಸಾಯಿಸುವುದನ್ನು ಕಲಿಸುವ ಸಾಹೇಬರು ಒಂದೊಂದೇ ಗಡ್ಡೆಯನ್ನು ಮುರಿಯದಂತೆ ಬಿಡಿಸಿ, ಟಾವೆಲ್ಲಿನಲ್ಲಿ ಕಟ್ಟಿ, ಐದು ನೀರಿನಲ್ಲಿ ತೊಳೆದು ತಂದರು. “ಅತ್ತಿ, ಇಷ್ಟ ಸಾಕೇನ್ರಿ?” ಎಂದು ಅಡಿಗೆಮನೆಯ ಬಾಗಿಲಿಗೇ ಬಂದು ಕೇಳಿದರು. ಈ ಸಲ ನಾನು ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡು, ಗಡ್ಡೆ ನೋಡಿ, “ಸಾಕ್ರಿ” ಎಂದೆ.

ಮರುದಿನ ನರ್ಸಬಾಯಿ ಬಂದಳು. ಮೊದಲು ನಿನ್ನ ತಾಯಿಯನ್ನು ನೋಡಿದಳು, ಆಮೇಲೆ ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೈದಳು. ಬೈಗುಳದಲ್ಲಿ ನನ್ನ ಅತ್ತೆಯ ಮಟ್ಟ ಇರಲಿಲ್ಲ, ಆದರೂ ಪರವಾಗಿಲ್ಲ. “ಯಾವ ಪುಡಿ ಆದ್ರೂ ನನಗ ತೋರಸದ ಕೊಡಬ್ಯಾಡ್ರಿ. ಸಕ್ರಿ ನೀರ ಮೊದಲ ಬಂದ ಮಾಡ್ರಿ. ಅದರಿಂದನ ಕೂಸಿನ ಹೊಟ್ಟಿ ತುಂಬಿದಂಗಾಗಿ ಹಾಲ ಎಳ್ಯಾಕ ವಲ್ಲಂತೈತಿ. ಎರಡ ಎರಡ ತಾಸಿಗಿ ಎದಿಗಿ ಹಚ್ಚ್ರಿ. ಕೂಸ ಎಳದಂಗ ಹಾಲ ಬರತೈತಿ” ಎಂದಳು. ಗಡ್ಡೆಯನ್ನು ಮೇಲೆ ಹಚ್ಚುವುದಕ್ಕೆ ಅಡ್ಡಿ ಹೇಳಲಿಲ್ಲ, ಕೂಸಿಗೆ ಕೊಡುವ ಮುಂಚೆ ಚೆನ್ನಾಗಿ ತೊಳೆಯಿರಿ ಎಂದಳು.

ಹಚ್ಚಿದೆವು, ತೊಳೆದೆವು. ಎರಡೆರಡು ತಾಸಿಗೆ ನಿನ್ನನ್ನು ಎದೆಗೆ ಕೊಟ್ಟೆವು. ಬೀಗತಿಯ ಸಕ್ಕರೆ ಡಬ್ಬಿಯನ್ನು ನಾನು ಮಂಗಸೂಳಿಯ ದೇವರ ಭಂಡಾರದ, ಅಂದರೆ ಅರಿಶಿನದ, ಬಟ್ಟಲಿನ ಹಿಂದೆ, ಅವರ ಕೈಗೆ ಎಟುಕದ ಗೂಡಿನಲ್ಲಿ ಇಟ್ಟೆ. ನಿನ್ನ ತಂದೆ ನಾಲ್ಕು ದಿನ ರಜೆ ಹಾಕಿ ಇಲ್ಲಿಯೇ ಉಳಿದರು. ನಿನ್ನ ತಾಯಿ ಅಳುವುದು ಬಿಟ್ಟಳು. ವಾರ ತುಂಬಿದ ದಿನ ಜೋಳಿಗೆಯಲ್ಲಿ ನಿನ್ನನ್ನು ತೂಗಿದಾಗ ಮುಳ್ಳು ಏರಿತ್ತು. ನರ್ಸಬಾಯಿ ಎರಡು ಸಲ ತೂಗಿ ನೋಡಿದಳು.

ಯಾವುದರಿಂದ ಏರಿತು? ನಾಗರಮೋಥಾದಿಂದ ಎಂದು ಬೀಗತಿ ಇಂದಿಗೂ ಸದಲಗಾದಲ್ಲಿ ಹೇಳುತ್ತಾರೆ. ಹೋಗುವಾಗ ನಮ್ಮ ಬಾವಿಯ ದಂಡೆಯಿಂದ ಒಂದು ಚೀಲ ಒಯ್ದಿದ್ದರು. ನರ್ಸಬಾಯಿ ತನ್ನ ಎರಡು ತಾಸಿನ ಲೆಕ್ಕದಿಂದ ಎಂದಳು. ನನ್ನ ಮಗ ತಾನು ಸಮಯಕ್ಕೆ ಫೋನು ಮಾಡಿದ್ದರಿಂದ ಎನ್ನುತ್ತಾನೆ. ಜೇಕಿಗೆ ಆ ಶಕ್ತಿ ಇದೆಯೋ, ಅಥವಾ ಗಡ್ಡೆ ತೇಯುವ ನೆಪದಲ್ಲಿ ನಾಲ್ಕು ಜನ ಬಾಣಂತಿಯ ಸುತ್ತ ಕೂಡುವುದಕ್ಕೆ ಇದೆಯೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ಬರೆಯುವುದಕ್ಕೂ ನನಗೆ ನಾಚಿಕೆಯಿಲ್ಲ.

ಉಳಿದರ್ಧ ಪುಡಿಕೆಯನ್ನು ನನ್ನ ಮಗ ಕಬ್ಬಿಗೆ ಹೊಡೆದ. ಜೇಕು ಎರಡು ವಾರ ಹಳದಿಯಾಗಿ ನಾಟಕ ಮಾಡಿ ಮತ್ತೆ ಚಿಗುರಿತು.

ತೂಕ ಏರಿದ ದಿನ ಮಧ್ಯಾಹ್ನ ನೀನು ಹೊಟ್ಟೆ ತುಂಬ ಕುಡಿದು ಮಲಗಿದೆ. ಒಂದು ತಾಸಾಯಿತು, ಎರಡಾಯಿತು, ಮೂರಾಯಿತು. ಹುಟ್ಟಿದಾಗಿನಿಂದ ನೀನು ಅಷ್ಟು ಹೊತ್ತು ಮಲಗಿದ್ದೇ ಇರಲಿಲ್ಲ. ಅಳುವಿಗೆ ಒಗ್ಗಿದ ಮನೆಗೆ ಸದ್ದಿಲ್ಲದ್ದೇ ಭಯವಾಯಿತು. ನನ್ನ ಮಗ ಬಂದು ಇಣುಕಿ ಹೋದ. ನಿನ್ನ ತಂದೆ ನಿನ್ನ ಮೂಗಿನ ಕೆಳಗೆ ಬೆರಳು ಹಿಡಿದು ನೋಡಿದರು. ಕೊನೆಗೆ ಬೀಗತಿ ಬಂದು, “ಕೂಸ ಯಾಕ ಇಷ್ಟ ಸುಮ್ಮನೈತಿ? ಒಂದೀಟ ಚಿವುಟಿ ನೋಡೂಣು ತಡೀರಿ” ಎಂದು ತೊಟ್ಟಿಲಿಗೆ ಕೈ ಹಾಕಿದರು.

“ಎಬ್ಬಸಬ್ಯಾಡ್ರಿ!” ಎಂದೆ ನಾನು. ಹೊಸದಾಗಿ ಬಂದ ದನಿ, ಅದರ ಅಳತೆ ನನಗಿನ್ನೂ ಸಿಕ್ಕಿರಲಿಲ್ಲ. ಗಟ್ಟಿಯಾಗಿಯೇ ಬಂತು.

ನೀನು ಬೆಚ್ಚಿ ಎದ್ದೆ. ಎದ್ದು, ಓಣಿಗೆಲ್ಲ ಕೇಳುವಂತೆ ಅಳತೊಡಗಿದೆ.

“ಶಾಬಾಸ್ ಯವ್ವಾ” ಎಂದಳು ನಿನ್ನ ತಾಯಿ. ನಿನ್ನನ್ನು ಎತ್ತಿ ಎದೆಗೆ ಹಚ್ಚಿಕೊಂಡಳು. ನಿನ್ನ ತಂದೆ ಅಲ್ಲಿಯೇ ಇದ್ದರು. ನಾನೂ ಅಡಿಗೆಮನೆಗೆ ಎದ್ದು ಹೋಗದೆ ಅಲ್ಲಿಯೇ ಕುಳಿತಿದ್ದೆ.